ಕಾಕನ ದನಿ ಯಾರ ಫೋನಿನಲ್ಲೂ ಇರಲಿಲ್ಲ

ಬೆಳ್ಳಾರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಕಾಕ ನಮ್ಮ ಟೆಕ್ ಸುದ್ದಿ ಗ್ರೂಪಿನ ಅಡ್ಮಿನ್. ಯಾವ ಫೋನಿಗೆ ಅಪ್‌ಡೇಟ್ ಬಂತು, ಯಾವ ಆ್ಯಪ್ ನಮ್ಮ ಮಾಹಿತಿ ಕದಿಯುತ್ತದೆ ಎಂಬುದೆಲ್ಲ ಸುಳ್ಯ, ಪುತ್ತೂರು, ಕಡಬದ ನಮಗೆ ಅವರ ವಾಯ್ಸ್ ಮೆಸೇಜಿನಿಂದಲೇ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಸುದ್ದಿ ಅವರದೇ ದನಿಯಲ್ಲಿ ಇನ್ನೊಮ್ಮೆ ಬರುತ್ತಿತ್ತು. ಅದು ನಾನು.

ಕೆಟ್ಟ ಫೋನು ತಂದ ಗಿರಾಕಿಗೆ ಕಾಕ ಹೇಳುವ ಮಾತನ್ನೂ ಸೇರಿಸುತ್ತಿದ್ದೆ: "ಇದರ ಆಯುಷ್ಯ ಮುಗಿದಿದೆ ಮಾರಾಯ. ಆದ್ರೂ ನೋಡುವ, ಇಟ್ಟು ಹೋಗು." ಕೊನೆಗೊಂದು ಕೆಮ್ಮು. ಜನ ಹೆಚ್ಚು ನಗುತ್ತಿದ್ದದ್ದು ಆ ಕೆಮ್ಮಿಗೇ. ನಾನು ಮಿಮಿಕ್ರಿಯವನು, ಎಲ್ಲರ ದನಿಯನ್ನೂ ತೆಗೆಯುವವನು. ನನ್ನ ಸ್ವಂತ ದನಿ ಯಾವುದೆಂದು ನನ್ನ ಅಮ್ಮನಿಗೇ ಅನುಮಾನ.

ಕಾಕನ ಆ ಕೆಮ್ಮು ಗಂಟಲಿನ ಕ್ಯಾನ್ಸರ್ ಆಗಿತ್ತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದರು. ಕಾಕ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮತ್ತೆ ಅಂಗಡಿಗೆ ಬಂದು ಕೂತರು.

ಆಮೇಲೆ ಗ್ರೂಪಿನಲ್ಲಿ ಒಂದು ಸುದ್ದಿ ಬಂತು. ಹಳೆಯ ರೆಕಾರ್ಡಿಂಗ್ ಸ್ವಲ್ಪ ಕೊಟ್ಟರೆ ಸಾಕು, ನಾವು ಟೈಪ್ ಮಾಡಿದ್ದನ್ನು ಸಾಫ್ಟ್‌ವೇರ್ ಅದೇ ದನಿಯಲ್ಲಿ ಹೇಳುತ್ತದಂತೆ. ಸುದ್ದಿಯ ಕೆಳಗೆ ಕಾಕನ ಮಗಳು ಬರೆದಳು: ಅಪ್ಪನ ವಾಯ್ಸ್ ಯಾರ ಹತ್ತಿರ ಉಂಟು?

ಯಾರ ಹತ್ತಿರವೂ ಇರಲಿಲ್ಲ. ಹಿಂದೊಮ್ಮೆ ಮಾಹಿತಿ ಕಳ್ಳತನದ ಸುದ್ದಿ ಓದಿ ಹೆದರಿ, ಗ್ರೂಪಿನ ಮೆಸೇಜುಗಳೆಲ್ಲ ಒಂದು ದಿನದಲ್ಲಿ ತಾವಾಗಿ ಅಳಿಸಿಹೋಗುವಂತೆ ಕಾಕನೇ ಸೆಟ್ಟಿಂಗ್ ಮಾಡಿದ್ದರು. ಮನೆಯ ಮದುವೆ ವಿಡಿಯೊದಲ್ಲಿ ಮಾತಿನ ಮೇಲೆಲ್ಲ ಹಾಡು ಕೂರಿಸಿದ್ದರು. ಉಳಿದದ್ದು ನನ್ನ ಮಿಮಿಕ್ರಿ ಮಾತ್ರ. ಅದನ್ನು ಜನ ನಗಲಿಕ್ಕೆಂದು ಅರಂತೋಡಿನವರೆಗೂ ಫಾರ್ವರ್ಡ್ ಮಾಡಿ ಉಳಿಸಿದ್ದರು.

ಮಗಳು ಅಂಗಡಿಗೆ ಕರೆದಳು. "ನಿನ್ನದೇ ಹಾಕುವ."

"ಅದು ನಾನಲ್ವಾ ಮಾರಾಯ್ತಿ?"

"ಅರ್ಧ ಊರಿಗೆ ಅದು ಗೊತ್ತಿಲ್ಲ. ತಮಾಷೆ ಬೇಡ, ಸುಮ್ನೆ ಅಪ್ಪನ ಹಾಗೆ ಮಾತಾಡು."

ಕಾಕ ಎದುರಿನ ಸ್ಟೂಲಿನಲ್ಲಿ ಕೂತು ತಲೆಯಾಡಿಸಿದರು. ನಾನು ಫೋನು ಹಿಡಿದು ಶುರುಮಾಡಿದೆ. ಬೈಗುಳ ಬಂತು. ಗೊಣಗಾಟ ಬಂತು. "ಇಟ್ಟು ಹೋಗು" ಬಂತು. ತಮಾಷೆ ಬಿಟ್ಟು ಸಾದಾ ಮಾತಿಗೆ ಇಳಿದರೆ ಕಾಕ ಇಲ್ಲ, ಬರೀ ನಾನು. ಮಗಳಲ್ಲಿ "ಉಂಡೆಯಾ?" ಎಂದು ಅವರು ಹೇಗೆ ಕೇಳುತ್ತಿದ್ದರು? ಅದನ್ನು ನಾನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲವಲ್ಲ.

ಆದರೂ ಸಾಫ್ಟ್‌ವೇರ್ ಅಷ್ಟನ್ನೇ ತೆಗೆದುಕೊಂಡಿತು. ಕಾಕನ ಮನೆಮಾತಾದ ಬ್ಯಾರಿ ಭಾಷೆ ಅದಕ್ಕೆ ಬರುವುದಿಲ್ಲ, ಹಾಗಾಗಿ ಕಾಕ ಕನ್ನಡದಲ್ಲೇ ಟೈಪ್ ಮಾಡಿದರು. "ಮಗಳೇ, ಊಟ ಆಯ್ತಾ?" ಎಂದಿತು ಫೋನು, ಕೆಟ್ಟ ಬ್ಯಾಟರಿ ತಂದ ಗಿರಾಕಿಯನ್ನು ಕೇಳಿದ ಹಾಗೆ. ಕೊನೆಗೆ ಸಣ್ಣದೊಂದು ಕೆಮ್ಮು, ಅದನ್ನೂ ಕಲಿತಿತ್ತು.

ಮಗಳು ಎದ್ದು ಅಂಗಡಿಯ ಹಿಂದಕ್ಕೆ ಹೋದಳು.

ಕಾಕ ಮತ್ತೆ ಏನೋ ಟೈಪ್ ಮಾಡಿದರು. ದನಿಯ ಗುಂಡಿ ಒತ್ತಲಿಲ್ಲ, ಫೋನನ್ನೇ ನನ್ನ ಕಡೆ ತಿರುಗಿಸಿದರು.

"ನಾನು ಹೀಗಾ ಇದ್ದದ್ದು?"

"ಅಲ್ಲ ಕಾಕ" ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಹೋಲಿಸಿ ತೋರಿಸುವುದಕ್ಕೆ ಬೇರೆ ಏನೂ ಇರಲಿಲ್ಲ.

ಅವರೇ ಆ ದನಿಯನ್ನು ಅಳಿಸಿದರು. ಈಗ ಅವರು ಟೈಪ್ ಮಾಡಿದ್ದನ್ನು ಫೋನಿನೊಳಗಿನ ಹೆಂಗಸೊಬ್ಬಳು ಓದುತ್ತಾಳೆ: ದಯವಿಟ್ಟು ನಾಳೆ ಬನ್ನಿ. ಮೊನ್ನೆ ಗಿರಾಕಿಯೊಬ್ಬರು ನನ್ನ ಬೆನ್ನು ತಟ್ಟಿದರು. "ಈ ಹೆಂಗಸಿನದ್ದೊಂದು ಮಾಡಿ ತೋರಿಸು ಮಾರಾಯ."

ಮಾಡಲಿಕ್ಕೆ ಬರುತ್ತದೆ. ಕಾಕನಿಗಿಂತ ಸುಲಭ. ಕಾಕನ ಮಗಳು ಅಲ್ಲೇ ನಿಂತಿದ್ದಳು.

"ಗಂಟಲು ಸರಿ ಇಲ್ಲ" ಎಂದೆ.