ಜಹಾಜು ಇಳಿದ ಹೊಲ

ಕಾದ ಅರಗಿನ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಕಾಲುಗಳು ನಿಂತುಬಿಟ್ಟವು. ಮೊನ್ನೆ ಬೀದರಿನ ಕಾಲೇಜೊಂದರಲ್ಲಿ ಅದ್ಭುತ ಕಥೆ, ವಿಜ್ಞಾನ ಕಥೆ ಬರೆಯುವವರೆಲ್ಲ ಸೇರಿದ್ದರು. ಮೊಮ್ಮಗಳು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಸಭೆಯ ಬಾಗಿಲ ಹೊರಗೆ ಒಬ್ಬ ಹೆಣ್ಣುಮಗಳು ಕೆಂಡದ ಮೇಲೆ ಅರಗು ಮೆತ್ತಗೆ ಮಾಡಿ ಬಳೆ ತಿರುವುತ್ತಿದ್ದಳು. “ನಡೀ ಅಜ್ಜಿ, ಶುರು ಆಗ್ಯದ” ಎಂದು ಮೊಮ್ಮಗಳು ಕೈ ಎಳೆದಳು. ನನ್ನ ಕಣ್ಣಿಗೆ ಕಾಣುತ್ತಿದ್ದವರು ಭಾಲ್ಕಿ ಸ್ಟೇಶನ್ನಿನ ಪಾರ್ಸೆಲ್ ಬಾಬು. ದಿನವಿಡೀ ಗಂಟುಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದ ಅವರ ಬೆರಳಿಗೆ, ಶೇರವಾನಿಯ ತೋಳಿಗೆ ಇದೇ ವಾಸನೆ ಇರುತ್ತಿತ್ತು…

ಒಳಗೆ ಒಬ್ಬರು ಮೈಕಿನ ಮುಂದೆ ನಿಂತು, ಈ ಭಾಗದಲ್ಲಿ ಇಂಥ ಕಥೆಗಳಿಗೆ ನೆಲವೇ ಇರಲಿಲ್ಲ, ಇಂಥವರು ಇಲ್ಲಿ ಕೂಡುತ್ತಿರುವುದು ಇದೇ ಮೊದಲು ಎಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಯಾರನ್ನು ಕೇಳಿ ಹೇಳಿದೆಯಪ್ಪ ಈ ಮಾತು? ನಿಜಾಮರ ಕಾಲದಲ್ಲಿ, ಇದೇ ಬೀದರಿನಲ್ಲಿ, ನನ್ನ ಅಣ್ಣನ ಮನೆಯ ಪಡಸಾಲೆಯಲ್ಲಿ ಪ್ರತಿ ಚಳಿಗಾಲ ಇಂಥವರು ಕೂಡುತ್ತಿದ್ದರು. ಅದಕ್ಕೆ ಅವರು ಜಲಸಾ ಎನ್ನುತ್ತಿದ್ದರು. ಎದ್ದು ನಿಂತು ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳಿದರೆ ಅದು ಯಾಕೆ ನಿಂತುಹೋಯಿತು ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಅಣ್ಣ ಎಣ್ಣೆ ಅಂಗಡಿ ನಡೆಸುತ್ತ ಕನ್ನಡದಲ್ಲಿ ಬರೆಯುತ್ತಿದ್ದ. ಔರಾದದ ವಕೀಲರು ಮರಾಠಿಯಲ್ಲಿ, ಪಾರ್ಸೆಲ್ ಬಾಬು ಉರ್ದುವಿನಲ್ಲಿ. ಬೇರೆಯವರು ಬಂದು ಹೋಗುತ್ತಿದ್ದರು. ಈ ಮೂವರು ಮಾತ್ರ ಒಂದು ವರ್ಷವೂ ತಪ್ಪಿಸುತ್ತಿರಲಿಲ್ಲ. ಚಂದ್ರನ ಮೇಲಿನ ಬಜಾರು ಅಣ್ಣನದು, ಬಾವಿಯ ತಳದಲ್ಲಿ ತಲೆಕೆಳಗಾಗಿ ನಡೆಯುವ ಜನರ ಇನ್ನೊಂದು ಔರಾದ ವಕೀಲರದು… ಒಂದೂ ಅಚ್ಚಾಗಲಿಲ್ಲ. ಜಲಸಾದಲ್ಲಿ ಯಾರೂ ಕಾಗದ ನೋಡಿ ಓದುವಂತಿರಲಿಲ್ಲ. ಕಣ್ಣಾರೆ ಕಂಡು ಬಂದವರ ಹಾಗೆ ಹೇಳಬೇಕು. ಕೇಳುವವರು ನಗದೆ, ಕಚೇರಿಯಲ್ಲಿ ಸಾಕ್ಷಿಯನ್ನು ಕೇಳಿದಂತೆ ಪ್ರಶ್ನೆ ಹಾಕಬೇಕು. ಯಾರು ಮೊದಲು ‘ಸುಳ್ಳು’ ಎನ್ನುತ್ತಾರೋ ಅವರು ಎಲ್ಲರಿಗೂ ಭಜಿ ತರಿಸಬೇಕು. ಇದು ಅವರ ಕಟ್ಟಳೆ.

ಬಾಬು ಹೇಳುತ್ತಿದ್ದುದು ಆಕಾಶದ ಜಹಾಜಿನ ಕಥೆ. ಮೂರು ಚಳಿಗಾಲ ಅದನ್ನೇ ಬೆಳೆಸಿದರು. ಜಹಾಜು ಕೋಟೆಯ ಹಿಂದಿನ ಜೋಳದ ಹೊಲದಲ್ಲಿ ಸದ್ದಿಲ್ಲದೆ ಇಳಿಯುತ್ತಿತ್ತು. ಸುತ್ತಲಿನ ದಂಟು ಹೊರಕ್ಕೆ ಬಾಗುತ್ತಿದ್ದವು. ಒಳಗಿನಿಂದ ಉದ್ದನೆಯ ಪೆಟ್ಟಿಗೆಗಳು ಇಳಿಯುತ್ತಿದ್ದವು. ಅವುಗಳಲ್ಲಿ ಎಂದೂ ಆರದ ಬೆಳಕು.

“ಚಕ್ರ ಎಷ್ಟ ಅವ ರೀ ಅದಕ್ಕ?” ವಕೀಲರು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು.

“ಚಕ್ರ ಯಾಕ ಬೇಕ್ರಿ ವಕೀಲ್ ಸಾಬ್? ಗಾಳಿ ಮ್ಯಾಲ ನಿಮ್ಮಪ್ಪ ಸಡಕ್ ಹಾಕಿಸ್ಯಾನೇನು?”

“ಒಳಗಿನ ಮಂದಿ ಉಣ್ಣೋದೇನು?” ಎಂದು ಅಣ್ಣ.

“ನಿಮ್ಮ ತಂಗಿ ಕೈಯಾಗಿನ ಜುಣಕ ಸಿಕ್ರ ಅದೇ. ಇಲ್ಲಂದ್ರ ರೋಜಾ, ಉಪಾಸ.”

ನನ್ನ ಗಂಡನ ಮನೆ ಔರಾದದಲ್ಲಿ. ಜಲಸಾ ಬಂತೆಂದರೆ ಅಡಿಗೆಗೆಂದು ಅಣ್ಣ ನನ್ನನ್ನು ಕರೆಸಿಕೊಳ್ಳುತ್ತಿದ್ದ. ಚಹಾ ಕೊಟ್ಟು, ಬಾಗಿಲ ಮರೆಯಲ್ಲಿ ಕೂತು ಕೇಳುತ್ತಿದ್ದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಆದರೆ ಒಮ್ಮೆ ಕೇಳಿದ ಮಾತು ತಲೆಯಿಂದ ಹೋಗುತ್ತಿರಲಿಲ್ಲ. ಒಂದು ವರ್ಷ ಧೈರ್ಯ ಮಾಡಿ, “ನಾನೂ ಒಂದು ಹೇಳ್ಲೇನು?” ಎಂದೆ. “ಮೊದ್ಲು ಚಹಾ ತಾರವ್ವ, ಆಮ್ಯಾಲ ಹೇಳಿಯಂತ” ಎಂದರು ವಕೀಲರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಬಾಬು ಕೂಡ… ಅವರು ಹೊರಡುವಾಗ ಮಾತ್ರ ಅಡಿಗೆಮನೆಯ ಕಡೆ ಮುಖ ಮಾಡಿ, “ಬೇಟಿ, ಬಾಗಿಲ ಹಿಂದ ನೀ ಇದ್ದಿ ಅಂದ್ರ ನನಗ ಹೇಳ್ಲಿಕ್ಕಿ ಹುಕಿ ಬರ್ತದ” ಎಂದಿದ್ದರು. ಆ ಮಾತಿಗೆ ನಾನು ಎಷ್ಟೋ ದಿನ ಹಿಗ್ಗಿದೆ. ಆದರೂ ನಕ್ಕಿದ್ದನ್ನು ಮರೆಯಲಿಲ್ಲ.

ಆಮೇಲೆ ರಜಾಕಾರರ ಹಾವಳಿ ಶುರುವಾಯಿತು. ಅಣ್ಣನ ಅಂಗಡಿಗೆ ಬೆಂಕಿ ಬಿತ್ತು. ಅವನನ್ನು ಹುಡುಕಿಕೊಂಡು ಬಂದಾಗ, ಭಾಲ್ಕಿಯಲ್ಲಿ ಗೋಣಿಚೀಲಗಳ ನಡುವೆ ಮಲಗಿಸಿ, ಗಡಿಯ ಕಡೆ ಹೋಗುವ ಗಾಡಿಯ ಪಾರ್ಸೆಲ್ ಡಬ್ಬಿಯಲ್ಲಿ ಸೊಲ್ಲಾಪುರಕ್ಕೆ ಸಾಗಿಸಿದವರು ಬಾಬು. ಅತ್ತಿಗೆ ಬಾಣಂತಿ. ಅವಳ ಜೊತೆಗೆ ನಾನು ಬೀದರಿನಲ್ಲೇ ಉಳಿದೆ.

ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು. ನೆಮ್ಮದಿ ಬಂತು ಎಂದುಕೊಂಡೆವು. ಎಲ್ಲಿಯ ನೆಮ್ಮದಿ? ನಿನ್ನೆ ಇವರು ಹೆದರಿ ಓಡಿದ ಓಣಿಗಳಲ್ಲಿ ಇವತ್ತು ಅವರು ಓಡುತ್ತಿದ್ದರು. ಮೊದಲು ಸುಟ್ಟವರ ಮೇಲೆ ನನಗಿದ್ದ ಸಿಟ್ಟು ಆಮೇಲೆ ಸುಟ್ಟವರ ಮೇಲೂ ಅಷ್ಟೇ ಇದೆ. ಎರಡಕ್ಕೂ ಒಂದೊಂದು ನೆಪ ಹೇಳಿ ಅನ್ನ ಉಂಡು ಮಲಗಿದ ಊರು ಇದು. ರಜಾಕಾರರಿಗೆ ಆಕಾಶದ ಜಹಾಜಿನಲ್ಲಿ, ಅಂದರೆ ವಿಮಾನದಲ್ಲಿ, ಬಂದೂಕು ಇಳಿಯುತ್ತಿದ್ದವು ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ನನ್ನ ಕಿವಿಗೂ ಬಿದ್ದಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಬರೆದದ್ದಕ್ಕೆ ಅರ್ಥವಿಲ್ಲ.

ಒಂದು ಮಧ್ಯಾಹ್ನ ನಮ್ಮ ಓಣಿಯವರೇ ಇಬ್ಬರು ಬಂದರು. ಗದರಿಸಲಿಲ್ಲ, ಹೆದರಿಸಲಿಲ್ಲ. ಹೆದರಿಸಿದ್ದರೆ ಇವತ್ತು ನನಗೂ ಒಂದು ನೆಪ ಇರುತ್ತಿತ್ತು.

“ಅಕ್ಕಾ, ಭಾಲ್ಕಿ ಬಾಬು ನಿಮ್ಮ ಮನ್ಯಾಗ ಕುಂತು ಜಹಾಜಿನ ಮಾತು ಆಡ್ತಿದ್ನಂತ. ನೀವು ಕೇಳೀರೇನ್ರಿ?”

“ಕೇಳದೇ ಇರ್ತೀನೇನು? ಪೂರಾ ಗೊತ್ತದ ನನಗ.”

“ಹೇಳ್ರಿ ಮತ್ತ.”

ಇಬ್ಬರೂ ಪಡಸಾಲೆಯಲ್ಲಿ, ವಕೀಲರು ಕೂಡುವ ಕಂಬಳಿಯ ಮೇಲೆ ಕೂತರು. ನಾನು ಎದುರಿಗೆ ಕೂತೆ. ಹೇಳಿದೆ. ಜೋಳದ ಹೊಲ, ಬಾಗಿದ ದಂಟು, ಉದ್ದನೆಯ ಪೆಟ್ಟಿಗೆಗಳು… ಅವರ ಬಾಯಿ ತೆರೆದೇ ಇತ್ತು. “ಮುಂದ? ಮುಂದ ಏನಾತ್ರಿ?” ಎಂದು ಕೇಳುತ್ತಿದ್ದರು. ಜನ್ಮದಲ್ಲಿ ಮೊದಲ ಸಲ ಗಂಡಸರು ಕೂತು ನನ್ನ ಮಾತು ಕೇಳಿದರು. ಚಹಾ ತಾ ಎನ್ನಲಿಲ್ಲ. ಎಲ್ಲಿ ತಡೆಯಬೇಕೋ ಅಲ್ಲಿ ತಡೆದೆ, ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸಿದೆ. ಇದು ಕಥೆ ಎಂಬ ಒಂದು ಮಾತು ಹೇಳಲಿಲ್ಲ. ಜಲಸಾದ ಕಟ್ಟಳೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಸಮಾಧಾನ. ಕಥೆ ಎಂದಿದ್ದರೆ ಅವರು ಎದ್ದು ಹೋಗುತ್ತಿದ್ದರು, ಅಷ್ಟೇ. ಅವರು ಎದ್ದು ಹೋಗುವುದು ನನಗೆ ಬೇಕಿರಲಿಲ್ಲ.

ಮುಗಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ನಾನು ಅವರ ಹಿಂದೆಯೇ ಹೊಸ್ತಿಲಿನವರೆಗೆ ಹೋದೆ. ಓಣಿಯ ತಿರುವು ದಾಟುವವರೆಗೂ ಅವರ ಬೆನ್ನು ಕಾಣುತ್ತಿತ್ತು. ಒಮ್ಮೆ ಕೂಗಿದ್ದರೆ ಸಾಕಿತ್ತು. ನಾನು ಹೊಸ್ತಿಲ ಮೇಲೆಯೇ ನಿಂತಿದ್ದೆ.

ಬಾಬುವನ್ನು ಪೊಲೀಸರು ಸ್ಟೇಶನ್ನಿನಿಂದಲೇ ಒಯ್ದರು. ಎಷ್ಟೋ ತಿಂಗಳ ಮೇಲೆ ಬಿಟ್ಟರು. ಅಷ್ಟರಲ್ಲಿ ಅಣ್ಣ ಸೊಲ್ಲಾಪುರದಿಂದ ಮರಳಿದ್ದ. ಬಾಬು ಅಣ್ಣನ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ನೌಕರಿ ಹೋಗಿತ್ತು. ಎಡಗೈ ಮೊಣಕೈಯಲ್ಲಿ ಸೊಟ್ಟಗಾಗಿ, ನೆಟ್ಟಗೆ ಚಾಚಲು ಬರುತ್ತಿರಲಿಲ್ಲ. ಆದರೂ ಕೂತ ಕೂಡಲೇ ನಗಿಸಲು ನೋಡಿದರು.

“ಇಲ್ಲಿ ನಾ ಸುಳ್ಳು ಹೇಳಿದ್ರ ನೀವೆಲ್ಲ ನಿಜ ಅಂತಿದ್ರಿ. ಅಲ್ಲಿ ‘ಇದು ಕಥಿ ಅದರೀ ಸಾಹೇಬ್ರ’ ಅಂತ ನಿಜ ಹೇಳ್ದೆ. ಒಬ್ಬನೂ ನಂಬ್ಲಿಲ್ಲ ನೋಡ್ರಿ. ಭಜಿ ಅಂತೂ ಯಾರೂ ತರಿಸ್ಲಿಲ್ಲ.”

ಅಣ್ಣ ನಗಲಿಲ್ಲ. “ಯಾರು ಹೇಳಿದ್ದು ಬಾಬು ಸಾಬ್?” ಎಂದ.

“ಯಾರೋ ಏನೋ. ಆದ್ರ ಶಹಭಾಸ್ ಅನಬೇಕು. ನನ್ನ ಒಂದು ಮಾತು ಬಿಟ್ಟಿರ್ಲಿಲ್ಲ. ದಂಟು ಬಾಗಿದ್ದು ಸಹಿತ ಹೇಳ್ಯಾರ.”

“ಅಷ್ಟು ನೆನಪು ಇರೋದು ವಕೀಲಗ ಒಬ್ಬಗೇ. ಹೊಸ ಸಾಹೇಬರ ಬಂಗ್ಲೆಗೂ ಅವನೇ ಹೋಗಿ ಬರ್ತಾನ” ಎಂದ ಅಣ್ಣ ಹಲ್ಲು ಕಚ್ಚಿ.

“ತೋಬಾ, ಅವರ ಹೆಸ್ರು ತಗೀಬ್ಯಾಡ್ರಿ. ಅವರು ಅಂಥವರಲ್ಲ.”

ನಾನು ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇಬ್ಬರಿಗೂ ಕೊಟ್ಟೆ. ಒಳಗೆ ಬಂದೆ.

ಬಾಬು ಹೈದರಾಬಾದಿಗೆ ಹೋದರು. ಅಲ್ಲಿಂದ ಸುದ್ದಿ ಬರಲಿಲ್ಲ… ವಕೀಲರು ಎರಡು ಸಲ ಅಣ್ಣ ಹೊಸದಾಗಿ ಹಾಕಿದ ಅಂಗಡಿಯ ಮುಂದೆ ಬಂದು ನಿಂತರು. ಅಣ್ಣ ತಲೆ ಎತ್ತಲಿಲ್ಲ. ಮೂರನೆಯ ಸಲ ಅವರು ಬರಲಿಲ್ಲ. ಔರಾದದಲ್ಲೂ ಸುದ್ದಿ ಹಬ್ಬಿತು. ಗೆಳೆಯನನ್ನು ಹಿಡಿಸಿಕೊಟ್ಟವ ಎಂದು ಬೆನ್ನ ಹಿಂದೆ ಆಡಿಕೊಂಡರು. ಅಲ್ಲಿ ಎರಡು ಓಣಿ ಆಚೆ ಅವರ ಮನೆ, ಈಚೆ ನನ್ನ ಗಂಡನ ಮನೆ. ನೀರಿಗೆ ಹೋಗುವಾಗ, ಸಂತೆಗೆ ಹೋಗುವಾಗ ಎದುರಾಗುತ್ತಿದ್ದರು. “ಅರಾಮ ಇದ್ದೀ ಏನವ್ವ?” ಎಂದು ಕೇಳುತ್ತಿದ್ದರು. ಅರಾಮ ಇದ್ದೇನ್ರಿ ಎನ್ನುತ್ತಿದ್ದೆ. ಅವರು ಸಾಯುವವರೆಗೂ ಹೀಗೇ ನಡೆಯಿತು. ಅಣ್ಣ ಅವರಿಗಿಂತ ಮೊದಲೇ ಹೋದ. ಅವನಿಗೂ ನಾನು ಹೇಳಲಿಲ್ಲ.

ಮೊನ್ನೆಯ ಸಭೆಯಿಂದ ಔರಾದಕ್ಕೆ ಮರಳಿದ ಮರುದಿನ ವಕೀಲರ ಮನೆಗೆ ಹೋದೆ. ಅವರ ಮಗನಿಗೂ ಈಗ ತಲೆ ಬೆಳ್ಳಗಾಗಿದೆ. ಟಿವಿಯ ದನಿ ಸಣ್ಣ ಮಾಡಿ ಕೂರಿಸಿ ಚಹಾ ತರಿಸಿದ. ಮೊದಲಿನಿಂದ ಕಡೆಯವರೆಗೆ ಹೇಳಿದೆ. ಅವನು ಕಪ್ಪಿನಲ್ಲಿಯೇ ಕಣ್ಣಿಟ್ಟು ಕೇಳಿದ.

“ಹೋಗ್ಲಿ ಬಿಡ್ರಿ ಅಕ್ಕೋರೆ. ಹಳೀ ಮಾತು. ಈಗ ಯಾರ ಅದಾರ ಕೇಳೋರು?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ಮನೆಯಿಂದ ಹೊರಗೆ ನಡೆ ಎಂದಿದ್ದರೆ ನಡೆಯುತ್ತಿದ್ದೆ. ಹೋಗಲಿ ಬಿಡಿ ಎನ್ನಲು ಅದು ಇವನದೇ?

“ಹ್ಯಾಂಗ ಬಿಡ್ಲಪ್ಪ? ನಿಮ್ಮಪ್ಪ ಆವತ್ತಿಂದ ಒಂದು ಅಕ್ಷರ ಬರೀಲಿಲ್ಲ” ಎಂದೆ.

“ಅಪ್ಪ ಬರೀತಿದ್ರಾ?” ಎಂದ ಅವನು. “ಏನ್ ಬರೀತಿದ್ರು?”

ಬಾವಿಯ ತಳದ ಔರಾದದ ಕಥೆ ನನಗೆ ಇವತ್ತಿಗೂ ಪೂರ್ತಿ ಗೊತ್ತು. ಬಾಯಿಗೆ ಬಂದಿತ್ತು. ಹೇಳಲು ಕೂತರೆ ಮತ್ತೆ ನನ್ನ ದನಿಯನ್ನು ನಾನೇ ಕೇಳಿ ಹಿಗ್ಗುತ್ತೇನೇನೋ ಎಂಬ ಹೇಸಿಗೆಯಾಯಿತು.

“ಭಾಳ ಛಲೋ ಬರೀತಿದ್ರು” ಎಂದೆ. “ನಾ ಬಿಡಿಸ್ದೆ.”

ಅವನು ಕಪ್ಪು ಕೆಳಗಿಟ್ಟ. ಆಗ ತಲೆ ಎತ್ತಿ ನನ್ನ ಮುಖವನ್ನು ನೋಡಿದ.