ಅಚ್ಚಾಗದ ಅರ್ಧ ಮುಖ

ಖಾಸೀಂ ಮಾಸ್ತರ್ ಪತ್ರಿಕೆಯನ್ನು ಓದುವುದಕ್ಕೆ ಮೊದಲೇ ಕತ್ತರಿಸುತ್ತಿದ್ದರು. ನಿವೃತ್ತ ಚಿತ್ರಕಲಾ ಶಿಕ್ಷಕರು. ಜೇವರ್ಗಿಯ ಮನೆಯ ಪಡಸಾಲೆಯಲ್ಲಿ ಕುಳಿತು, ಪತ್ರಿಕೆಯ ಫೋಟೊವನ್ನು ಡ್ರಾಯಿಂಗ್ ಹಾಳೆಗೆ ಅಂಟಿಸಿ, ಅದರ ಅಂಚಿನಿಂದಾಚೆಗೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಸೊನ್ನ ಬ್ಯಾರೇಜಿನ ಗೇಟು ತೆರೆದ ದಿನ ನಾನು ತೆಗೆದ ಚಿತ್ರಕ್ಕೆ ಅವರು ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನೂ ಬೆದರಿ ನಿಂತ ಒಂದು ಎಮ್ಮೆಯನ್ನೂ ಸೇರಿಸಿದ್ದರು.

"ನೀವು ಪೇಪರಿನವ್ರು ಎಲ್ಲಿ ಕತ್ತರಿ ಹಾಕ್ತೀರಿ, ಅಲ್ಲಿಂದ ನನ್ನ ಕೆಲ್ಸ ಚಾಲೂ ಆಗ್ತದ ನೋಡ್ರಿ," ಎನ್ನುತ್ತಿದ್ದರು.

ವರದಿ ಕಳಿಸಿದ ಮೇಲೆ ಅವರಲ್ಲಿಗೆ ಚಹಾಕ್ಕೆ ಹೋಗುವುದು ನನ್ನ ರೂಢಿ. ಹಾಗೆ ಹೋಗಿದ್ದ ಒಂದು ಮಧ್ಯಾಹ್ನ ಇಜೇರಿಯಿಂದ, ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವ ಕಾಶಿಬಾಯಿ ಬಂದರು. ಮಗಳ ಲಗ್ನ ಹತ್ತಿರವಿತ್ತು. ಅಕ್ಕಿಕಾಳು ಬೀಳುವ ಮುಂಚೆ ಮಗಳು ಅಜ್ಜಿಯ ಫೋಟೊಕ್ಕೆ ಕೈಮುಗಿಯಬೇಕೆಂಬುದು ಅವರ ಆಸೆ. ತೀರಿಹೋದ ತಾಯಿಯದು ಎಂದು ಉಳಿದಿದ್ದದ್ದು ಒಂದೇ ಚಿತ್ರ: ಭೂಸನೂರಿನ ಕಬ್ಬು ಕಡಿಯುವವರ ಬಗ್ಗೆ ಹಿಂದೆಂದೋ ಪತ್ರಿಕೆಯಲ್ಲಿ ಬಂದದ್ದು. ತಾಯಿ ಸಾಲಿನ ಕೊನೆಗೆ ನಿಂತಿದ್ದಳು. ಚಿತ್ರ ಅವಳ ಮೂಗಿಗೇ ಮುಗಿದುಹೋಗಿತ್ತು.

ಮಾಸ್ತರ್ ಕಾಣುವ ಅರ್ಧವನ್ನು ನೋಡಿಕೊಂಡು ಕಾಣದ ಅರ್ಧವನ್ನೂ ಅದರಂತೆಯೇ ಬರೆದರು. ಅಚ್ಚುಕಟ್ಟಾಗಿತ್ತು. ಕಾಶಿಬಾಯಿ ಮಾತ್ರ ಇದು ತಮ್ಮ ತಾಯಿಯಲ್ಲ ಎಂದರು.

"ನಮ್ಮವ್ವ ಆ ಕಡಿ ಗಲ್ಲದಾಗ ಯಾವಾಗ್ಲೂ ಎಲಿ-ಅಡಕಿ ಇಟ್ಕೊಂಡಿರ್ತಿದ್ಳರಿ. ಮಕ್ಕೊಂಡಾಗನೂ ಉಗುಳ್ತಿದ್ದಿಲ್ಲ."

ಮಾಸ್ತರ್ ಅಳಿಸಿ ಗಲ್ಲವನ್ನು ಉಬ್ಬಿಸಿದರು. ಅದೂ ಆಗಲಿಲ್ಲ. ಮತ್ತೆ ಅಳಿಸಿದರು. ಹಾಳೆ ಮಾಸಿತು, ಕಾಶಿಬಾಯಿಯ ಮುಖ ಸಪ್ಪಗಾಯಿತು. ಆಗ ಮಾಸ್ತರ್ ಇದ್ದಿಲ ಕಡ್ಡಿಯನ್ನು ಅವರತ್ತ ಚಾಚಿದರು.

"ನನಗ ಅಕ್ಷರನ ಬರಂಗಿಲ್ರಿ."

"ಅಕ್ಷರ ಯಾರ್ ಕೇಳ್ಯಾರ ಬೇ? ಕೌದಿ ಹೊಲಿದಂಗ ಹೊಲಿ. ನಾ ಇಲ್ಲೇ ಕುಂತೇನಿ."

ಕಾಶಿಬಾಯಿ ಕಿವಿಯಿಂದ ಗದ್ದದವರೆಗೆ ಚಿಕ್ಕ ಚಿಕ್ಕ ಗೀರು ಹಾಕುತ್ತ ಹೋದರು. ನಡುವೆ ಕೌದಿಯ ಹೊಲಿಗೆಯಲ್ಲಿ ಇರುವಷ್ಟೇ ಜಾಗ. ಗಲ್ಲ ಉಬ್ಬಿತು, ತುಟಿ ಒಂದು ಕಡೆಗೆ ಎಳೆದುಕೊಂಡಿತು. ಕಡ್ಡಿ ಕೆಳಗಿಟ್ಟವರೇ ತಲೆಯ ಮೇಲೆ ಸೆರಗು ಹೊದ್ದುಕೊಂಡರು, ಹಿರಿಯರ ಎದುರು ಹೊದ್ದುಕೊಳ್ಳುವ ಹಾಗೆ. ಮಾಸ್ತರ್ ಒಂದು ಗೀರನ್ನೂ ತಿದ್ದಲಿಲ್ಲ.

ಲಗ್ನಕ್ಕೆ ನಾವಿಬ್ಬರೂ ಹೋಗಿದ್ದೆವು. ಮದುಮಗಳು ಚಿತ್ರಕ್ಕೆ ಕೈಮುಗಿದಳು. ಕಾಶಿಬಾಯಿಯ ಸೋದರಮಾವ ಚಿತ್ರದ ಎದುರಿಗೆ ನಿಂತು, "ಇವತ್ತರ ಎಲಿ ಉಗುಳ ಬೇ, ಅಕ್ಕಾ, ಮೊಮ್ಮಗಳ ಲಗ್ನ ಅದ," ಎಂದ. ಹಂದರವೆಲ್ಲ ನಕ್ಕಿತು. ಮಾಸ್ತರ್ ಕನ್ನಡಕ ಒರೆಸಿಕೊಂಡರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಮ್ಮ ಪತ್ರಿಕೆ ನಿಧನ ವಾರ್ತೆಯ ಜೊತೆ ಭುಜದವರೆಗಿನ ಸಣ್ಣ ಫೋಟೊ ಹಾಕಿತು. ಆಮೇಲೆ ಕೆಲಸದ ಮೇಲೆ ಇಜೇರಿಗೆ ಹೋದಾಗ ಅದು ಕಾಶಿಬಾಯಿಯ ಗೋಡೆಯ ಮೇಲೆ, ದೊಡ್ಡದೊಂದು ಹಾಳೆಯ ನಡುವೆ ಅಂಟಿಕೊಂಡಿತ್ತು. ಭುಜ ಮುಗಿದಲ್ಲಿಂದ ಚಿಕ್ಕ ಚಿಕ್ಕ ಗೀರುಗಳಲ್ಲಿ ಒಂದು ತೋಳು ಹೊರಬಂದಿತ್ತು. ಎದುರಿಗೆ ನಿಂತವರತ್ತ ಚಾಚಿದ ಆ ಕೈಯಲ್ಲಿ ಇದ್ದಿಲ ಕಡ್ಡಿಯಿತ್ತು.