ವೀರಬಸಮ್ಮ ಅನುವಾದಿಸದ ಪತ್ರ

ವೀರಬಸಮ್ಮನವರು ರಾಣೆಬೆನ್ನೂರಿನವರು. ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಲ್ಲಿ ನೆಲೆಸಿ ಇಪ್ಪತ್ತಾರು ವರ್ಷವಾಯಿತು. ಈಗ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಅದಕ್ಕೂ ಮೊದಲು ಜಪಾನಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಎಂಟು ವರ್ಷ ದುಡಿದರು. ಜಪಾನಿ ಕಲಿತದ್ದು ಅಲ್ಲೇ. ಕ್ರಿಯಾಪದ ಕೊನೆಗೆ ಬರುವ ಆ ಭಾಷೆ ಕನ್ನಡದ ನಾಲಿಗೆಗೆ ಬೇಗ ಒಗ್ಗಿತು.

ಪಕ್ಕದ ಊರಿನಲ್ಲಿ ಒಂದು ಸ್ನೇಹ ಸಮಿತಿ ಇತ್ತು. ಜಪಾನಿನ ಮೀನುಗಾರರ ಪಟ್ಟಣವೊಂದರಿಂದ ಪ್ರತಿ ಮೇ ತಿಂಗಳು ಹತ್ತು ಹನ್ನೆರಡು ಮಂದಿ ಬಂದು, ಇಲ್ಲಿನ ಮನೆಗಳಲ್ಲಿ ಒಂದು ವಾರವಿದ್ದು ಹೋಗುತ್ತಿದ್ದರು. ಒಂಬತ್ತು ವರ್ಷ ಆ ಸಮಿತಿಗೆ ಬಾಯಿ, ಕಿವಿ ಎರಡೂ ವೀರಬಸಮ್ಮನವರೇ. ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಹೋಗಿ ಅತಿಥಿಗಳನ್ನು ಕರೆತರುವವರು ಅವರು, ಪತ್ರಗಳನ್ನೆಲ್ಲ ಬರೆಯುವವರೂ ಅವರು. ಒಮ್ಮೆ ವಯಸ್ಸಾದ ಅತಿಥಿಯೊಬ್ಬರಿಗೆ ಎದೆನೋವು ಬಂದಾಗ ಆಸ್ಪತ್ರೆಯಲ್ಲಿ ಆರು ತಾಸು ಪಕ್ಕದಲ್ಲೇ ಕೂತು ಡಾಕ್ಟರ ಮಾತು ತಿಳಿಸಿ ಹೇಳಿದ್ದರು. ಅತಿಥಿಯನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆಂದು ಪ್ರತಿ ವರ್ಷ ಹೆಸರು ಕೊಡುತ್ತಿದ್ದರು. ಪ್ರತಿ ವರ್ಷವೂ ಒಂದೇ ಉತ್ತರ: ಮುಂದಿನ ಸಲ ನೋಡೋಣ.

ಕಳೆದ ವರ್ಷ ಫೆಬ್ರವರಿಯಲ್ಲಿ ಸಮಿತಿಯ ಅಧ್ಯಕ್ಷೆ ಲೊರೇನ್ ಅವರಿಂದ ಅತಿಥಿಯೊಬ್ಬರಿಗೆ ಕಳಿಸಬೇಕಾದ ಪತ್ರವೊಂದು ಅನುವಾದಕ್ಕೆಂದು ಬಂತು. ‘ನೀವು ಕೇಳಿದ ಮನೆಯವರು ಈ ಸಲ ಲಭ್ಯರಿಲ್ಲ. ನಿಮಗಾಗಿ ಅಪ್ಪಟ ಅಮೆರಿಕನ್ ಮನೆಯೊಂದನ್ನು ಗೊತ್ತುಮಾಡಿದ್ದೇವೆ.’ ಜೊತೆಗೆ ಹಿಸಾಕೊ ಎಂಬ ನಿವೃತ್ತ ಶಾಲಾ ಅಡುಗೆಯಾಕೆಯ ಅರ್ಜಿ ಇತ್ತು. ಅದರಲ್ಲಿ, ಯಾರ ಮನೆ ಬೇಕು ಎಂಬ ಜಾಗದಲ್ಲಿ, ಆಕೆ ಬರೆದಿದ್ದಳು: ‘ನಮಗೆ ಪತ್ರ ಬರೆಯುವ ವೀರಬಸಮ್ಮನವರ ಮನೆಯಲ್ಲಿ ಇರಬೇಕೆಂದು ಆಸೆ.’ ಉತ್ತರ ಜಪಾನಿಯಲ್ಲಿದ್ದರೂ ವೀರಬಸಮ್ಮನವರ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಹಾಗಾಗಿ ಲೊರೇನ್ ಅದನ್ನು ಓದಿಯೇ ಓದಿದ್ದರು.

ವೀರಬಸಮ್ಮ ತಕ್ಷಣ ಫೋನ್ ಮಾಡಿದರು. “ಲಭ್ಯರಿಲ್ಲ ಅಂತ ಬರೆದಿದ್ದೀರಿ. ನಾನು ಎಲ್ಲಿಗೆ ಹೋಗಿದ್ದೇನೆ, ಲೊರೇನ್?”

“ತಪ್ಪು ತಿಳ್ಕೋಬೇಡಿ. ಅಷ್ಟು ದೂರದಿಂದ ಬರೋರು ಅಮೆರಿಕನ್ ಮನೆ ಹೇಗಿರುತ್ತೆ ಅಂತ ನೋಡೋಕೆ ಬರ್ತಾರೆ, ಅಲ್ವಾ?”

“ನಾನು ಸಿಟಿಜನ್ ಆಗಿ ಹದಿನೇಳು ವರ್ಷ.”

“ಅದು ಗೊತ್ತು. ನಾನು ಏನು ಹೇಳ್ತಿದೀನಿ ಅನ್ನೋದೂ ನಿಮಗೆ ಗೊತ್ತು.”

ಗೊತ್ತಿತ್ತು. ವೀರಬಸಮ್ಮ ಫೋನಿಟ್ಟರು. ವೀರಬಸಮ್ಮ ಲಭ್ಯರಿಲ್ಲ ಎಂಬ ಸುಳ್ಳನ್ನು ಲೊರೇನ್ ವೀರಬಸಮ್ಮನವರ ಕೈಯಲ್ಲೇ ಬರೆಸಲು ಹೊರಟಿದ್ದರು! ಪತಿ ಅಮರೇಶ್ವರ ಸಮಾಧಾನ ಹೇಳಲು ನೋಡಿದರು.

“ಬಿಡು, ಯಾಕ ಅಷ್ಟು ಹಚ್ಚಿಕೊಂಡು ಕುಂತಿ? ಮಂದಿ ಜೋಡಿ ಜಗಳ ಬ್ಯಾಡ.”

“ಒಂಬತ್ತು ವರ್ಷ ಬಿಟ್ಕೋತ ಬಂದೇನಿ ರೀ. ನಿಮ್ಮ ಈ ಬಿಡು ಅನ್ನೂ ಮಾತು ನಾ ಕೇಳಿದ್ದಕ್ಕ ಅವರು ಇಲ್ಲೀತನಕ ಬಂದಾರ.”

ಮಗಳು ಸಿರಿ ಮೆಟ್ಟಿಲ ಮೇಲಿಂದಲೇ ಕೂಗಿದಳು: “ಅಮ್ಮ, ಜಸ್ಟ್ ಕ್ವಿಟ್. ದೆ ಡೋಂಟ್ ಡಿಸರ್ವ್ ಯು.”

“ಬಿಡೂದ ಆದ್ರ, ಹೇಳಿ ಬಿಡತೇನಿ.”

ಆ ಶನಿವಾರ ಲೈಬ್ರರಿಯ ಕೋಣೆಯಲ್ಲಿ ಸಮಿತಿಯ ಸಭೆ. ಹನ್ನೊಂದು ಮಂದಿ ಇದ್ದರು. ವೀರಬಸಮ್ಮ ಎದ್ದು ನಿಂತು ಹಿಸಾಕೊಳ ಅರ್ಜಿಯನ್ನು ಮೊದಲು ಜಪಾನಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದರು. ಅದರ ಬೆನ್ನಿಗೇ ಲೊರೇನ್ ಅವರ ಪತ್ರವನ್ನೂ ಓದಿದರು.

“ಇದನ್ನು ನಾನು ಅನುವಾದ ಮಾಡುವುದಿಲ್ಲ. ಇದು ಸುಳ್ಳು. ನನ್ನ ಮನೆ ಯಾವ ದೇಶದಲ್ಲಿದೆ ಅಂತ ನಿಮ್ಮಲ್ಲಿ ಒಬ್ಬರು ಹೇಳಿ.”

ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು “ಆಕೆ ಕೇಳಿದ ಮನೆಗೇ ಕಳಿಸೋಣ” ಎಂದರು. ಏಳು ಕೈಗಳು ಮೇಲೆದ್ದವು.

“ಯಾರಿಗಾದರೂ ನೋವಾಗಿದ್ದರೆ ಸಾರಿ,” ಎಂದರು ಲೊರೇನ್.

“ಯಾರಿಗಾದರೂ ಅಲ್ಲ. ನನಗೆ.”

ಮೇ ತಿಂಗಳಲ್ಲಿ ಹಿಸಾಕೊ ಬಂದಳು. ಏನು ನೋಡಬೇಕೆಂದು ಕೇಳಿದರೆ, ಶಾಲೆಯ ಅಡುಗೆಮನೆ ಎಂದಳು. ವೀರಬಸಮ್ಮ ನಾಲ್ಕು ಕಡೆ ಫೋನ್ ಮಾಡಿ ಅನುಮತಿ ಪಡೆದರು. ಮಕ್ಕಳು ಕಚ್ಚದೇ ಕಸದ ಡಬ್ಬಿಗೆ ಎಸೆಯುತ್ತಿದ್ದ ಸೇಬುಗಳನ್ನು ಕಂಡು ಹಿಸಾಕೊಳ ಮುಖ ಕೆಂಪಾಯಿತು. ಕಾರು ಹತ್ತಿದ ಮೇಲೆ ದಾರಿಯುದ್ದಕ್ಕೂ ಬೈದಳು. ಸಮಿತಿಯಲ್ಲಿ ನಡೆದದ್ದನ್ನು ವೀರಬಸಮ್ಮ ಆಗ ಹೇಳಿದರು. ಹಿಸಾಕೊ ಅದಕ್ಕೂ ಸೇರಿಸಿ ಬೈದಳು. ಸಿಗ್ನಲ್‌ನಲ್ಲಿ ನಿಂತಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಬೀಳ್ಕೊಡುಗೆಯ ಊಟದಲ್ಲಿ ಲೊರೇನ್ ಭಾಷಣ ಮಾಡಿದರು: “ಯಾವ ಭೇದವೂ ಇಲ್ಲದೆ ನಮ್ಮ ಮನೆಗಳ ಬಾಗಿಲು ತೆರೆದಿದ್ದೇವೆ.” ವೀರಬಸಮ್ಮ ಒಂದು ಪದವೂ ಬಿಡದೆ ಅನುವಾದಿಸಿದರು. ಮರುದಿನ ಬೆಳಿಗ್ಗೆ ರಾಜೀನಾಮೆ ಕಳಿಸಿದರು.

ಅಕ್ಟೋಬರಿನಲ್ಲಿ ತಾವೇ ಟಿಕೆಟ್ ತೆಗೆಸಿ ಜಪಾನಿಗೆ ಹೋದರು. ಎಂಟು ದಿನ ಹಿಸಾಕೊಳ ಮನೆಯಲ್ಲಿದ್ದರು. ಅಮೆರಿಕದಿಂದ ಬಂದವರನ್ನು ನೋಡಲೆಂದು ನೆರೆಹೊರೆಯವರು ಮೀನು, ಮೂಲಂಗಿ ಹಿಡಿದು ಬಂದರು. ನೀವು ನಿಜವಾಗಿ ಅಮೆರಿಕದವರೇ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಸಮಿತಿಯ ವಾರ್ಷಿಕ ವರದಿ ಅದರ ವೆಬ್‌ಸೈಟಿನಲ್ಲಿ ಬಂತು. ಜಪಾನಿನ ಪಟ್ಟಣದವರು ಯಾರೋ ಕಳಿಸಿದ್ದಿರಬೇಕು, ಹಿಸಾಕೊಳ ಮನೆಯ ಮುಂದೆ ತೆಗೆದ ವೀರಬಸಮ್ಮನವರ ಫೋಟೊ ಮೊದಲ ಪುಟದಲ್ಲೇ ಇತ್ತು. ಕೆಳಗೆ ‘ಜಪಾನಿನಲ್ಲಿ ನಮ್ಮ ರಾಯಭಾರಿ’ ಎಂದು ಬರೆದಿತ್ತು.

“ಅದನ್ನು ತೆಗೆಯಿರಿ,” ಎಂದರು ವೀರಬಸಮ್ಮ ಫೋನಿನಲ್ಲಿ.

“ಇದರಿಂದ ಎರಡೂ ಊರುಗಳ ಸ್ನೇಹಕ್ಕೆ ಒಳ್ಳೇದು…”

“ಊರುಗಳದ್ದಲ್ಲ ಲೊರೇನ್, ನಮ್ಮಿಬ್ಬರದ್ದು. ನನ್ನ ರಜೆ, ನನ್ನ ಗೆಳತಿ. ಇವತ್ತೇ ತೆಗೆಯಿರಿ.”

ತೆಗೆಯಲು ಮೂರು ದಿನ ಹಿಡಿಯಿತು. ಮೂರು ದಿನವೂ ಅವರು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಫೋನ್ ಮಾಡಿದರು.